ಕೊಡಿ ಬಿಟ್ಟು ಕಡಿದ ಗುಡ್ಡೆ

ಮರ್ವದ ಮರಕ್ಕೆ ಹರಡಿದ ಕೊಂಬೆಗಳಿರುತ್ತವೆ ಎಂದು ನನಗೆ ಗೊತ್ತಾದದ್ದು ಹದಿನೆಂಟನೇ ವಯಸ್ಸಿನಲ್ಲಿ. ಕಾಲೇಜಿನಿಂದ ಘಟ್ಟದ ಬುಡದ ಕಾಡಿಗೆ ಕರೆದುಕೊಂಡು ಹೋಗಿದ್ದರು. ಅಧ್ಯಾಪಕರೊಬ್ಬರು ದೊಡ್ಡ ಮರವೊಂದರ ಮೈ ತಟ್ಟಿ, "ಇದು ಹುಣಾಲು. ನಿಮ್ಮ ಕಡೆ ಮರ್ವ ಹೇಳ್ತಾರಲ್ಲ, ಅದೇ" ಎಂದರು. ನಾನು ಕತ್ತೆತ್ತಿ ನೋಡಿದೆ. ನಂಬಿಕೆ ಬರಲಿಲ್ಲ. ಕಾಸರಗೋಡಿನ ಬಾಯಾರಿನ ನಮ್ಮ ಗುಡ್ಡೆಯಲ್ಲಿ ನೂರಾರು ಮರ್ವಗಳಿದ್ದವು. ಒಂದಕ್ಕೂ ಹೀಗೆ ಕೊಡೆ ಬಿಚ್ಚಿದಂಥ ತಲೆ ಇರಲಿಲ್ಲ. ಕೋಲಿನಂಥ ಕಾಂಡ, ಅದರ ಉದ್ದಕ್ಕೂ ಗಂಟುಗಳು, ತೀರಾ ತುದಿಯಲ್ಲಿ ಒಂದು ಹಿಡಿ ಸೊಪ್ಪು, ಜುಟ್ಟು ಬಿಟ್ಟು ಬೋಳಿಸಿದ ತಲೆಯ ಹಾಗೆ. ಮರ್ವ ಎಂದರೆ ಹಾಗೇ ಇರುವುದು ಎಂದುಕೊಂಡಿದ್ದೆ. ಅದು ನಮ್ಮ ಮನೆಯ ಕತ್ತಿ ಮೂರು ತಲೆಮಾರಿನಿಂದ ಕೊಟ್ಟ ಆಕಾರ ಎಂದು ಆ ಕಾಡಿನಲ್ಲಿ ನಿಂತಾಗ ಹೊಳೆಯಿತು.

ಕಳೆದ ನವೆಂಬರಿನಲ್ಲಿ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮಂಗಳೂರಿಗೆ ಫೋನು ಮಾಡಿದ. "ಗುಡ್ಡೆಗೆ ಜೇಸಿಬಿ ಹೇಳಿದ್ದೆ. ಅಡಕ್ಕೆ ಹಾಕುದು. ನೀನು ಬಂದು ಒಂದರಿ ನೋಡು, ಮತ್ತೆ ಎನ್ನ ಬೈವಲಾಗ."

ಬೈಯುವ ಹಕ್ಕು ನನಗಿಲ್ಲ. ತೋಟ ನೋಡಿಕೊಂಡು ಅಲ್ಲೇ ಉಳಿದವನು ಅವನು. ಕೊಳೆರೋಗದ ವರ್ಷಗಳಲ್ಲಿ ಉದುರಿದ ಅಡಿಕೆಯನ್ನು ಮಳೆಯಲ್ಲಿ ನೆನೆದುಕೊಂಡು ಹೆಕ್ಕಿದವನು ಅವನು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಆ ಗುಡ್ಡೆ ಎಂಥದ್ದೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಅದಕ್ಕೆ ಕುಮ್ಕಿ ಎನ್ನುತ್ತಾರೆ. ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದು, ಆ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದ ಕಾಲದ ಏರ್ಪಾಡು ಅದು. ಹಳೆಯ ವರ್ಗದ, ಅಂದರೆ ಸರಕಾರಕ್ಕೆ ಕಂದಾಯ ಕಟ್ಟುವ, ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಗುಡ್ಡೆಯಲ್ಲಿ ಆ ಜಮೀನಿನವರು ಸೊಪ್ಪು, ತರಗೆಲೆ, ಕಟ್ಟಿಗೆ ತರಬಹುದು, ಮನೆಗೂ ಬೇಸಾಯಕ್ಕೂ ಬೇಕಾದ ಮರ ಕಡಿಯಬಹುದು, ದನ ಮೇಯಿಸಬಹುದು. ಜಾಗ ಮಾತ್ರ ಅವರದಲ್ಲ. ಕುಮಕ್ ಎಂದರೆ ಸಹಾಯ. ಕನ್ನಡದ ಕುಮ್ಮಕ್ಕು ಎಂಬ ಮಾತೂ ಅದೇ ಬೇರಿನದು. ಬೈಲಿನ ಬೇಸಾಯಕ್ಕೆ ಗುಡ್ಡೆಯ ಕುಮ್ಮಕ್ಕು. ಉತ್ತರ ಕನ್ನಡದಲ್ಲಿ ಇದೇ ಬಗೆಯದು ಸೊಪ್ಪಿನ ಬೆಟ್ಟ. ಅಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟದ್ದೂ ಇದೆ. ಕೊಡಗಿನಲ್ಲಿ ಬಾಣೆ. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದು ದೊಡ್ಡ ಕಾಡುಗಳು ರಿಸರ್ವ್ ಆದ ಮೇಲೂ ರೈತನ ಕೈಗೆ ಉಳಿದ ಕಾಡೆಂದರೆ ಇಂಥವು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಕಾನೂನುಗಳು ಬದಲಾದವು, ಕಾಗದಗಳು ಮಲಯಾಳದಲ್ಲಿ ಬರತೊಡಗಿದವು. ಮುಂದೆ ನಮ್ಮ ಪಾಲಿನ ಗುಡ್ಡೆಗೆ ಪಟ್ಟೆಯೂ ಆಯಿತು. ಹೆಸರು ಮಾತ್ರ ಕುಮ್ಕಿ ಎಂದೇ ಉಳಿಯಿತು.

ಇಷ್ಟೊಂದು ಸೊಪ್ಪು ಯಾಕೆ ಬೇಕಿತ್ತು ಎಂದು ಈಗಿನ ಮಕ್ಕಳು ಕೇಳುತ್ತಾರೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡೆಯಲ್ಲಿ ಮೇಲ್ಮಣ್ಣು ತೀರಾ ತೆಳು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಬೈಲಿನ ಮಣ್ಣಿನ ಸಾರವೆಲ್ಲ ತೋಡಿನಲ್ಲಿ ಕೆಂಪಗೆ ಹರಿದು ಸಮುದ್ರ ಸೇರುತ್ತದೆ. ಅದನ್ನು ವರ್ಷವರ್ಷವೂ ತುಂಬಿಕೊಡಬೇಕು. ಗುಡ್ಡೆಯ ಮರದ ಬೇರು ಮುರಕಲ್ಲಿನ ಸಂದಿಗಿಳಿದು ಎಳೆದುಕೊಂಡದ್ದು ಎಲೆಗೆ ಬರುತ್ತದೆ. ಎಲೆ ಹಟ್ಟಿಗೆ ಬರುತ್ತದೆ. ಹಟ್ಟಿಯಲ್ಲಿ ದನದ ಕಾಲಡಿ ಸೆಗಣಿ, ಗಂಜಳದ ಜೊತೆ ಕಲಸಿ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ನಮ್ಮ ಹಟ್ಟಿಯಲ್ಲಿ ಎಂಟು ಜಾನುವಾರುಗಳಿದ್ದವು, ಎಲ್ಲವೂ ಈಗ ಕಾಸರಗೋಡು ಗಿಡ್ಡ ಎಂದು ಕರೆಸಿಕೊಳ್ಳುವ ಸಣ್ಣ ದನಗಳು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಕಟ್ಟ ಹಸಿ ಸೊಪ್ಪು, ಬೇಸಗೆಯಲ್ಲಿ ಅಷ್ಟೇ ತರಗೆಲೆ. ಮಳೆ ಹಿಡಿದ ರಾತ್ರಿಗಳಲ್ಲಿ ಹಟ್ಟಿಯಿಂದ ಬರುತ್ತಿದ್ದ ಹಸಿ ಸೊಪ್ಪಿನ ಬಿಸಿ ವಾಸನೆ ಈಗಲೂ ಎಲ್ಲಿಯಾದರೂ ಮೂಗಿಗೆ ಬಿದ್ದರೆ ನಾನು ನಿಂತುಬಿಡುತ್ತೇನೆ.

ಇಷ್ಟು ತೆಗೆದರೂ ಗುಡ್ಡೆ ಬೋಳಾಗಲಿಲ್ಲ. ಅದರ ಹಿಂದೆ ಒಂದು ಲೆಕ್ಕವಿತ್ತು. ಗುಡ್ಡೆಗೆ ಅಡ್ಡಲಾಗಿ ಎರಡು ಅಗಳು ತೋಡಿಸಿ ಅಜ್ಜ ಅದನ್ನು ಮೂರು ತುಂಡು ಮಾಡಿದ್ದರು. ವರ್ಷಕ್ಕೆ ಒಂದು ತುಂಡಿನ ಸೊಪ್ಪು. ಮಿಕ್ಕೆರಡಕ್ಕೆ ಕತ್ತಿ ಹೋಗುವಂತಿಲ್ಲ. ತರಗೆಲೆ ಗುಡಿಸಬಹುದು, ಅದೂ ನೆಲ ಕೆರೆಯದ ಹಾಗೆ. ಮಾರ್ಚ್–ಏಪ್ರಿಲಿನಲ್ಲಿ ಹೊಸ ಚಿಗುರು ಬರುವಾಗ ಯಾವ ತುಂಡಿಗೂ ಇಲ್ಲ. ಅಜ್ಜ ಹೋದ ಮೇಲೆ ಈ ಲೆಕ್ಕ ದೊಡ್ಡಪ್ಪನ ಬಾಯಲ್ಲಿತ್ತು, ಎಲ್ಲೂ ಬರೆದಿಟ್ಟದ್ದಲ್ಲ. ತಲೆಗೆ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಇಟ್ಟುಕೊಂಡು ಅವರ ಹಿಂದೆ ಗುಡ್ಡೆ ಹತ್ತುವುದು ಶಾಲೆಗೆ ರಜೆಯಿದ್ದ ದಿನಗಳ ನನ್ನ ಕೆಲಸ. ಒಮ್ಮೆ ಎಟಕುವ ಎತ್ತರದ ಎಳೆಯ ಮರ್ವವೊಂದನ್ನು ಬಗ್ಗಿಸಿ ತುದಿಗೇ ಕತ್ತಿ ಎತ್ತಿದೆ. ಅವರು ನನ್ನ ಮಣಿಗಂಟು ಹಿಡಿದರು.

"ಕೂಸೇ, ಕೊಡಿ ಮುಟ್ಲಾಗ. ಕೊಡಿ ಹೋದ ಮರಕ್ಕೆ ದಾರಿ ಗೊಂತಿಲ್ಲೆ."

ಕೊಡಿ ಎಂದರೆ ತುದಿ, ಕುಡಿ. ಅಡ್ಡ ಕೊಂಬೆಗಳನ್ನೆಲ್ಲ ತೆಗೆ, ಕೊಡಿ ಬಿಡು. ದೊಡ್ಡಪ್ಪನಿಗೆ ಸಸ್ಯಶಾಸ್ತ್ರ ಗೊತ್ತಿರಲಿಲ್ಲ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತ ಪಕ್ಕದ ಮೊಗ್ಗುಗಳನ್ನು ತಡೆದು ಹಿಡಿಯುತ್ತದೆ, ಕುಡಿ ಹೋದರೆ ಅವೆಲ್ಲ ಒಟ್ಟಿಗೆ ಎದ್ದು ಯಾವುದೂ ನೆಟ್ಟಗೆ ಹೋಗದೆ ಮರ ಪೊದೆಯಾಗುತ್ತದೆ ಎಂದು ನಾನು ಆಮೇಲೆ ಪಾಠದಲ್ಲಿ ಓದಿದೆ. "ದಾರಿ ಗೊಂತಿಲ್ಲೆ" ಎಂದದ್ದು ಅದನ್ನೇ. ಇನ್ನೊಂದು ಕ್ರಮ: ಕೊಂಬೆಗೆ ಮೊದಲ ಪೆಟ್ಟು ಅಡಿಯಿಂದ, ಎರಡನೆಯದು ಮೇಲಿಂದ. ಮೇಲಿಂದಲೇ ಕಡಿದರೆ ಕೊಂಬೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಎಳೆದುಕೊಂಡು ಹೋಗುತ್ತದೆ; ಆ ಗಾಯಕ್ಕೆ ಮಳೆನೀರು ಸೇರಿ ಮರ ಕೊಳೆಯುತ್ತದೆ. ಕುತ್ತಿಯನ್ನು ಓರೆಯಾಗಿ ಕಡಿಯಬೇಕು, ನೀರು ನಿಲ್ಲಬಾರದು. ಗುದ್ದಲಿ ಹಿಡಿಯಲು ಬಾರದವನಿಗೆ ತೋಟ ಕೊಡಬಹುದು, ಕತ್ತಿ ಹಿಡಿಯಲು ಬಾರದವನಿಗೆ ಗುಡ್ಡೆ ಕೊಡಬಾರದು ಎಂದು ದೊಡ್ಡಪ್ಪ ಹೇಳುವುದಿತ್ತು.

ಕುತ್ತಿ ಎಂದೆ. ಬುಡದಲ್ಲಿ ಕಡಿದ ಮರದ ಉಳಿದ ಭಾಗ. ಬಚ್ಚಲೊಲೆಗೆ, ಬೇಲಿಗೆ, ಚಪ್ಪರಕ್ಕೆ ಕೆಲವು ಮರಗಳನ್ನು ಮೊಣಕಾಲೆತ್ತರಕ್ಕೆ ಕಡಿಯುತ್ತಿದ್ದರು. ಮರ್ವ, ಮತ್ತಿ, ಜಂಬೆ, ನೇರಳೆ, ಕುಂಟಾಲ: ಇವು ಕಡಿದಷ್ಟೂ ಚಿಗುರುವ ಜಾತಿ. ಸಿಪ್ಪೆಯಡಿಯಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುವ ಮೊಗ್ಗುಗಳಿರುತ್ತವೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟವಿರುತ್ತದೆ. ಮರದ ತಲೆ ಹೋದದ್ದೇ ಆ ಮೊಗ್ಗುಗಳು ಏಳುತ್ತವೆ. ಹಳೆಯ ಬೇರಿನ ಬಲ ಇರುವುದರಿಂದ ಬೀಜದಿಂದ ಹುಟ್ಟಿದ ಸಸಿಗಿಂತ ಎಷ್ಟೋ ಬೇಗ ಬೆಳೆಯುತ್ತವೆ. ನಮ್ಮ ನಡುತುಂಡಿನಲ್ಲಿ ಒಂದು ಮರ್ವದ ಕುತ್ತಿಯಿದೆ, ಇಬ್ಬರು ಕೈಹಿಡಿದರೆ ಮಾತ್ರ ಸುತ್ತಬಹುದಾದಷ್ಟು ಅಗಲ. ಅದರ ಮೇಲೆ ನಿಂತ ಕಾಂಡಗಳು ನನ್ನ ತೊಡೆಯಷ್ಟೇ ದಪ್ಪ. ಕಾಂಡ ನೋಡಿ ವಯಸ್ಸು ಹೇಳುವವರು ಇಪ್ಪತ್ತು ವರ್ಷ ಎಂದಾರು. ಅಜ್ಜ ಹುಡುಗನಾಗಿದ್ದಾಗಲೂ ಅದು ಕುತ್ತಿಯೇ ಆಗಿತ್ತಂತೆ.

ಎಲ್ಲ ಮರಕ್ಕೂ ಕತ್ತಿ ಇರಲಿಲ್ಲ. ಕಾಟುಮಾವು, ಹಲಸು, ಹೆಬ್ಬಲಸು, ಪುನರ್ಪುಳಿ, ರೆಂಜೆ, ಇವುಗಳಿಗೆ ಸೊಪ್ಪಿನ ನೆಪದಲ್ಲಿ ಕೈ ಹಾಕುವಂತಿಲ್ಲ. ಹೊನ್ನೆಗೆ ಕತ್ತಿ ಇಟ್ಟರೆ ರಕ್ತದಂಥ ಕೆಂಪು ಅಂಟು ಸೋರುತ್ತದೆ, ಅದನ್ನು ನೋಡಿಯೇ ಸುಮ್ಮನಾಗುತ್ತಿದ್ದರು. ಪಾಲೆಮರ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಮೀಸಲು. ಆ ದಿನ ಬೆಳಕು ಹರಿಯುವ ಮೊದಲು ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ತಂದು, ಅದರ ಕಹಿರಸವನ್ನು ಇಡೀ ಮನೆ ಕುಡಿಯುತ್ತಿತ್ತು. ದೊಡ್ಡಪ್ಪ ಹಿಂದಿನ ಸಂಜೆಯೇ ಹೋಗಿ ಮರಕ್ಕೊಂದು ಬಳ್ಳಿ ಕಟ್ಟಿ ಬರುವುದಿತ್ತು. ಕತ್ತಲಲ್ಲಿ ತಪ್ಪಿ ಪಕ್ಕದ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ, ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ.

ಕಾಸರಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಾಸರಗೋಡಿನ ಹೆಸರನ್ನೇ ಅದರಿಂದ ಬಂದದ್ದೆಂದು ವಿವರಿಸುವವರಿದ್ದಾರೆ. ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಞ್ಞಿರಂ. ಕೆಲವು ವರ್ಷಗಳ ಹಿಂದೆ ಕಾಸರಗೋಡು ತನ್ನದೇ ಆದ ಜಿಲ್ಲಾ ಮರ, ಜಿಲ್ಲಾ ಹಕ್ಕಿ, ಜಿಲ್ಲಾ ಹೂ ಎಂದು ಘೋಷಿಸಿಕೊಂಡಾಗ ಮರವಾಗಿ ಆರಿಸಿದ್ದು ಇದನ್ನೇ. ಎದುರುಬದುರಾಗಿ ಬರುವ ಹೊಳೆಯುವ ಎಲೆ, ಬುಡದಿಂದಲೇ ಕವಲೊಡೆದ ಸ್ಪಷ್ಟ ನರಗಳು. ಹಣ್ಣು ಕಿತ್ತಳೆಯ ಹಾಗೆ ಚೆಂದ, ಒಳಗೆ ಗುಂಡಿಯಂತೆ ಚಪ್ಪಟೆಯಾದ, ರೇಷ್ಮೆಯಂಥ ನುಣುಪಿನ ಬೀಜ. ದನ ಇದರ ಎಲೆಗೆ ಬಾಯಿ ಹಾಕುವುದಿಲ್ಲ. ಹಾಗಾಗಿ ಹಟ್ಟಿಗೆ ಬೇಡ, ಗದ್ದೆಗೆ ಬೇಕು: ಉಳುವಾಗ ಕಾಸರಕದ ಸೊಪ್ಪನ್ನು ಕೆಸರಿಗೆ ತುಳಿದು ಗೊಬ್ಬರ ಮಾಡುತ್ತಿದ್ದರು. ಮಂಗಟ್ಟೆ ಹಕ್ಕಿಗಳು ಈ ಹಣ್ಣಿನ ತಿರುಳನ್ನು ಏನೂ ಆಗದೆ ತಿನ್ನುತ್ತವೆ. ಚಿಕ್ಕವಳಿದ್ದಾಗ ಅದನ್ನು ನೋಡಿ ನಾನೂ ಒಂದು ಹಣ್ಣು ಒಡೆದಿದ್ದೆ. ಅತ್ತೆ ಓಡಿ ಬಂದು ಕೈಯಿಂದ ಹೊಡೆದು ಬೀಳಿಸಿ, ಕೈಯನ್ನು ಮೂರು ಸಲ ಸೀಗೆ ಹಾಕಿ ತೊಳೆಸಿದರು.

ವಿಷಕ್ಕಿಂತ ನಮಗೆ ಹೆದರಿಕೆ ಇದ್ದದ್ದು ಚೇರೆಮರಕ್ಕೆ. ಅದರ ಹಾಲು ಮೈಗೆ ತಾಗಿದರೆ ಕಪ್ಪಾಗಿ, ಉರಿದು, ಬಾತು, ವಾರಗಟ್ಟಲೆ ತುರಿಕೆ. ಕೆಲವರಿಗೆ ಮರದಡಿ ಹೋದರೂ ಸಾಕು. ಗುರುತು ಹಿಡಿಯುವುದು ಹೇಗೆಂದು ದೊಡ್ಡಪ್ಪ ಮುಟ್ಟದೆಯೇ ಕೋಲಿನಲ್ಲಿ ತೋರಿಸಿಕೊಟ್ಟರು: ಎಲೆಯ ತೊಟ್ಟಿನ ಇಕ್ಕೆಲದಲ್ಲಿ ಎರಡು ಪುಟ್ಟ ಕೊಂಬಿನಂಥವು ಇರುತ್ತವೆ, ಎಳೆಯ ಎಲೆಯಲ್ಲಿ ಚೆನ್ನಾಗಿ ಕಾಣುತ್ತದೆ. ನನಗೆ ಒಂಬತ್ತನೇ ಕ್ಲಾಸಿನಲ್ಲಿ ಚೇರೆ ತಾಗಿತು. ಮುಖ ಬಾತು ಕಣ್ಣು ಮುಚ್ಚಿಹೋಗಿತ್ತು. ಅಜ್ಜಿ ನನ್ನ ಕೈಹಿಡಿದು ಗುಡ್ಡೆಯ ತಾರೆಮರಕ್ಕೆ ಸುತ್ತು ತರಿಸಿದರು. ಚೇರೆ ಮಾಡಿದ್ದನ್ನು ತಾರೆ ತೆಗೆಯಬೇಕು ಎಂಬುದು ನಂಬಿಕೆ. ಆಮೇಲೆ ಆಸ್ಪತ್ರೆಗೂ ಹೋದೆವು. ಯಾವುದರಿಂದ ವಾಸಿಯಾಯಿತು ಎಂದು ನಾನು ವಾದಿಸಲಾರೆ. ಆ ಸುತ್ತಿನಿಂದಾಗಿ ತಾರೆಮರ ಯಾವುದು, ಅದು ಗುಡ್ಡೆಯಲ್ಲಿ ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಚೇರೆ ಬೆಳೆಯುವ ಗುಡ್ಡೆಯಲ್ಲಿ ತಾರೆಯನ್ನು ಕಡಿಯಲು ಯಾರೂ ಮನಸ್ಸು ಮಾಡುತ್ತಿರಲಿಲ್ಲ.

ಪೊದೆಗಳದ್ದು ಬೇರೆಯೇ ಲೋಕ, ಅದು ಹೆಂಗಸರದ್ದು ಮತ್ತು ಮಕ್ಕಳದ್ದು. ಸೊಪ್ಪು ಕಡಿದ ತುಂಡಿಗೆ ಬಿಸಿಲು ಬೀಳುತ್ತದಲ್ಲ, ಮರುವರ್ಷ ಅಲ್ಲಿ ನೆಕ್ಕರಿಕ ನೇರಳೆ ಹೂ ಬಿಡುತ್ತದೆ. ಹಣ್ಣು ತಿಂದರೆ ನಾಲಗೆ ಕಪ್ಪು. ಕದ್ದು ತಿಂದದ್ದನ್ನು ಮುಚ್ಚಿಡಲಾಗುವುದಿಲ್ಲ. ಕೇಪಳ, ಕರಂಡೆ, ಚೂರಿಮುಳ್ಳು, ಕುಂಟಾಲದ ಗಿಡ್ಡ ಮರಗಳು. ಬಯಲಾದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡಿಬರುವುದು ಉಪ್ಪಳಿಗೆ. ಅದರ ತೊಟ್ಟು ಎಲೆಯ ಅಂಚಿಗೆ ಅಂಟದೆ ಒಳಗೆ ಅಂಟಿರುತ್ತದೆ, ಹಿಡಿಯುಳ್ಳ ಗುರಾಣಿಯ ಹಾಗೆ. ಬೇಗ ಬೆಳೆದು, ಬೇಗ ಕೊಳೆಯುವ ಸೊಪ್ಪು, ಗೊಬ್ಬರಕ್ಕೆ ಇದಕ್ಕಿಂತ ಬೇರೆ ಬೇಡ. ಹೊಟ್ಟೆ ಕೆಟ್ಟ ದಿನ ಅಮ್ಮ "ಕೊಡಿ ತೆಕ್ಕೊಂಡು ಬಾ" ಎಂದರೆ ಹತ್ತು ನಿಮಿಷದಲ್ಲಿ ನೆಕ್ಕರಿಕ, ಕುಂಟಾಲ, ಗೇರು, ಪೇರಳೆಯ ಎಳೆಗುಡಿಗಳು ಅಡುಗೆಮನೆಗೆ ಬಂದು ಮಧ್ಯಾಹ್ನಕ್ಕೆ ತಂಬುಳಿಯಾಗುತ್ತಿದ್ದವು. ಮರದ ಕೊಡಿ ಮುಟ್ಟಬಾರದು, ಪೊದೆಯ ಕೊಡಿ ಚಿವುಟಬಹುದು. ಎರಡಕ್ಕೂ ಒಂದೇ ಪದ, ಬೇರೆ ಬೇರೆ ಕಾನೂನು.

ಈಗ ಹಿಂತಿರುಗಿ ನೋಡುವಾಗ ಇದೆಲ್ಲ ಬಹಳ ಚೆಂದ ಕಾಣುತ್ತದೆ. ಅದಕ್ಕೇ ಇನ್ನೊಂದು ಮಾತು ಹೇಳಲೇಬೇಕು. ಆ ನಾಲ್ಕು ಕಟ್ಟ ಸೊಪ್ಪನ್ನು ದಿನಾ ಹೊತ್ತದ್ದು ನಮ್ಮ ಮನೆಯವರಲ್ಲ. ಆಚೆ ಬೈಲಿನಿಂದ ಮೂವರು ಹೆಂಗಸರು ಬರುತ್ತಿದ್ದರು. ಜಿಗಣೆ ಹತ್ತಿದ ಕಾಲಿನಲ್ಲಿ, ನೆನೆದ ಸೀರೆಯಲ್ಲಿ, ತಮ್ಮ ತೂಕದಷ್ಟೇ ಭಾರದ ಕಟ್ಟ ತಲೆಯ ಮೇಲಿಟ್ಟು ಜಾರುವ ಮುರಕಲ್ಲಿನ ಮೇಲೆ ಇಳಿಯುತ್ತಿದ್ದರು. ಕೂಲಿ ಕಡಿಮೆ. ಊಟ ಅಂಗಳದ ಬದಿಯಲ್ಲಿ. ನಮ್ಮ ಮನೆಯ ಮಾತಿನಲ್ಲಿ ಗುಡ್ಡೆಯ ವಿದ್ಯೆ ಅಜ್ಜನದು, ದೊಡ್ಡಪ್ಪನದು. ಯಾವ ಕೊಂಬೆ ಈ ವರ್ಷ, ಯಾವುದು ಮುಂದಿನ ವರ್ಷ ಎಂದು ಮರದ ಮೇಲೆ ನಿಂತು ತೀರ್ಮಾನಿಸುತ್ತಿದ್ದ ಕೈ ಮಾತ್ರ ಆ ಹೆಂಗಸರದು. ಅವರ ಮಕ್ಕಳು ಓದಿದರು, ಸೊಪ್ಪಿನ ಕೆಲಸಕ್ಕೆ ಬರಲಿಲ್ಲ. ಬಾರದೇ ಇದ್ದದ್ದು ಒಳ್ಳೆಯದಾಯಿತು ಎಂದು ನಾನು ಮನಸ್ಸಾರೆ ಹೇಳುತ್ತೇನೆ.

ಆಮೇಲೆ ಒಂದೊಂದೇ ನಿಂತಿತು. ದನ ಎಂಟಿದ್ದದ್ದು ಎರಡಾಯಿತು, ಎರಡೂ ಹೋದವು. ಗೊಬ್ಬರ ಚೀಲದಲ್ಲಿ ಬಂತು. ಹಳ್ಳಿಯ ಸುತ್ತ ಗ್ಲಿರಿಸೀಡಿಯಾದ ಬೇಲಿ ಬಂತು, ಪಂಚಾಯತು ದಾರಿಯ ಬದಿಗೆ ಅಕೇಶಿಯಾ ಬಂತು. ಎದುರಿನ ಗುಡ್ಡೆ ರಬ್ಬರಾಯಿತು, ಅದರಾಚೆಯದ್ದು ಕೆಂಪುಕಲ್ಲಿನ ಕೋರೆಯಾಯಿತು. ಅಕೇಶಿಯಾದ ಅಡಿ ನಡೆದು ನೋಡಿ: ಚರ್ಮದಂಥ ಎಲೆ ವರ್ಷ ಕಳೆದರೂ ಕೊಳೆಯದೆ ಬಿದ್ದಿರುತ್ತದೆ. ನಮ್ಮ ಮರ್ವದ ಎಲೆ ಒಂದು ಮಳೆಗಾಲದಲ್ಲಿ ಕರಗಿ ಹೋಗುತ್ತದೆ.

ನಮ್ಮ ಕುಮ್ಕಿಯನ್ನು ಯಾರೂ ಕಡಿಯಲಿಲ್ಲ. ಹದಿನಾಲ್ಕು ವರ್ಷ ಹಾಗೇ ಬಿಟ್ಟೆವು. ನಾನಂತೂ ಮಂಗಳೂರಿನಲ್ಲಿ ಕುಳಿತು, ಗುಡ್ಡೆ ಈಗ ತಾನಾಗಿಯೇ ಕಾಡಾಗುತ್ತಿದೆ ಎಂದು ಸಂತೋಷಪಟ್ಟಿದ್ದೆ.

ಆ ಶನಿವಾರ ಹೋಗಿ ನೋಡಿದಾಗ ಅಷ್ಟು ಸುಲಭವಾಗಿರಲಿಲ್ಲ. ಅಂಚಿನ ಉದ್ದಕ್ಕೂ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದೆಯೆತ್ತರ ಎದ್ದಿತ್ತು, ಕತ್ತಿಯಿಲ್ಲದೆ ಒಳಗೆ ಕಾಲಿಡುವಂತಿರಲಿಲ್ಲ. ಹಳೆಯ ಗಂಟುಗಳಿಂದ ಹೊರಟ ಕೊಂಬೆಗಳು ಒಂದೇ ಬದಿಗೆ ದಪ್ಪವಾಗಿ, ಕೋಲಿನಂಥ ಕಾಂಡಕ್ಕೆ ಭಾರವಾಗಿ, ಮೂರು ಮರ್ವಗಳು ಗಾಳಿಗೆ ನಡುವೆ ಸಿಗಿದು ಬಿದ್ದಿದ್ದವು. ನೆಕ್ಕರಿಕ ಇರಲಿಲ್ಲ, ಅದಕ್ಕೆ ಬೇಕಾದ ಬಿಸಿಲು ನೆಲಕ್ಕೆ ಬೀಳುತ್ತಿರಲಿಲ್ಲ. ಒಳಗೆ ಹೋದಂತೆ ಬೇರೆಯದೇ ಒಂದು ತಂಪು. ಕಿರಾಲುಬೋಗಿಯ ಸಸಿಗಳು ಮೊಣಕಾಲೆತ್ತರಕ್ಕೆ ಬಂದಿದ್ದವು. ಮೊದಲು ನಮ್ಮ ಗುಡ್ಡೆಯಲ್ಲಿ ಅದರ ಸಸಿಯನ್ನು ನಾನು ನೋಡಿದ್ದೇ ಇಲ್ಲ. ಮೇಲೆ ಮರ್ವದ ಕಾಯಿಗೊಂಚಲು. ನವೆಂಬರಿನಲ್ಲಿ ಅದರ ರೆಕ್ಕೆಯುಳ್ಳ ಕಾಯಿಗಳು ಇಡೀ ಮರವನ್ನು ತುಕ್ಕಿನ ಕೆಂಪಿಗೆ ತಿರುಗಿಸುತ್ತವೆ. ಸೊಪ್ಪು ಕಡಿಯುತ್ತಿದ್ದ ಕಾಲದಲ್ಲಿ ಅಷ್ಟು ಕಾಯಿ ಬಿಡುವಷ್ಟು ಕೊಂಬೆಯನ್ನು ನಾವು ಉಳಿಸಿದ್ದೇ ಇಲ್ಲ. ಹಾಗಾಗಿ ಕಳೆದುಕೊಂಡದ್ದನ್ನು ಮಾತ್ರ ಎಣಿಸುತ್ತ ನಡೆಯಲು ನನ್ನಿಂದಾಗಲಿಲ್ಲ.

ಜೊತೆಗೆ ಅಣ್ಣ ಇದ್ದ. ಇನ್ನೊಬ್ಬರು, ಸೊಪ್ಪಿಗೆ ಬರುತ್ತಿದ್ದ ಮೂವರಲ್ಲಿ ಈಗ ಉಳಿದಿರುವ ಅಕ್ಕ. ಎಪ್ಪತ್ತು ದಾಟಿದೆ. ನಾನು ಬಂದದ್ದು ಗೊತ್ತಾಗಿ ನೋಡಲು ಬಂದವರು, ಗುಡ್ಡೆಗೆ ಹೋಗುತ್ತೇವೆ ಎಂದಾಗ ಒಂದು ಮಾತೂ ಆಡದೆ ಸೀರೆ ಎತ್ತಿ ಕಟ್ಟಿ ಮುಂದೆ ನಡೆದರು. ಬಿದ್ದ ಮರ್ವದ ಹತ್ತಿರ ನಿಂತು ಸಿಗಿದ ಜಾಗಕ್ಕೆ ಕೈಯಿಟ್ಟು ತುಳುವಿನಲ್ಲಿ ಅಣ್ಣನಿಗೆ ಹೇಳಿದರು: ಇದನ್ನು ಕಡಿಯುತ್ತ ಬಂದಿದ್ದರೆ ಬೀಳುತ್ತಿರಲಿಲ್ಲ, ಇಲ್ಲವೇ ಮೊದಲಿನಿಂದಲೇ ಮುಟ್ಟದೆ ಇದ್ದಿದ್ದರೆ ಬೀಳುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟದ್ದರಿಂದ ಬಿತ್ತು.

ನಾನು ಅಲ್ಲೇ ನಿಂತೆ. ಆರು ತಿಂಗಳಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಮನುಷ್ಯನ ಕೈಯಿಂದ ರೂಪುಗೊಂಡ ಕಾಡನ್ನು ಒಂದು ದಿನ ಕೈಬಿಟ್ಟು, ಪ್ರಕೃತಿ ನೋಡಿಕೊಳ್ಳುತ್ತದೆ ಎನ್ನುವುದು ಸಾಕಿದ ದನವನ್ನು ಕಾಡಿಗಟ್ಟಿ ಸ್ವಾತಂತ್ರ್ಯ ಕೊಟ್ಟೆ ಎಂದ ಹಾಗೆ. ಕೆಲವು ಬದುಕುತ್ತವೆ. ಆದರೆ ನಾವು ಕೊಟ್ಟ ಆಕಾರದ ಹೊಣೆ ನಮ್ಮ ಮೇಲೆ ಇರುತ್ತದೆ.

ಮೇಲಿನ ತುಂಡಿನ ಬುಡದಲ್ಲಿ ನಮ್ಮ ನೀರಿನ ಸುರಂಗ. ಕಾಸರಗೋಡಿನ ಗುಡ್ಡೆಗಳಲ್ಲಿ ಇಂಥವು ಸಾವಿರಾರು ಇವೆ, ಬಾಯಾರಿನಲ್ಲಂತೂ ಬಹುತೇಕ ಹಳೆಯ ತೋಟಗಳು ಇವುಗಳಿಂದಲೇ ನಿಂತವು. ನಮ್ಮದು ಅಜ್ಜನ ಕಾಲದ್ದು, ನಲ್ವತ್ತು ಕೋಲು ಉದ್ದ. ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಹೆಗಲಗಲ. ಮುರಕಲ್ಲು ನೆಲದೊಳಗೆ ಕೊಡಲಿಗೆ ಸಿಗುವಷ್ಟು ಮೆತ್ತಗಿರುತ್ತದೆ, ಗಾಳಿ ಬಿಸಿಲು ಕಂಡ ಮೇಲೆ ಕಲ್ಲಾಗುತ್ತದೆ. ಇದೇ ಗುಣ ನೋಡಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟದ್ದು. ಆತ ಮಲಬಾರಿನಿಂದ ಹೊರಟು 1801ರ ಆರಂಭದಲ್ಲಿ ನಮ್ಮ ಈ ಕಡೆಯ ಮೂಲಕವೇ ಉತ್ತರಕ್ಕೆ ಹೋದವನು. ಗುಡ್ಡೆಯ ಮೇಲೆ ಬಿದ್ದ ಮಳೆ ತರಗೆಲೆಯ ಅಡಿ ನಿಧಾನವಾಗಿ ಇಂಗಿ, ಮುರಕಲ್ಲಿನ ತೂತುಗಳಲ್ಲಿ ಇಳಿದು, ಸುರಂಗದ ಗೋಡೆಯಲ್ಲಿ ಹನಿಯಾಗಿ ಮೂಡಿ, ತಾನಾಗಿಯೇ ಕೆರೆಗೆ ಹರಿದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ.

ಅಣ್ಣ ಸುರಂಗದ ಬಾಯಲ್ಲಿ ಕುಳಿತು ಕೈಕಾಲು ತೊಳೆದ. ನಾನು ವಾದಿಸಲು ಹೋಗಿದ್ದೆ, ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆಡಲಿಲ್ಲ. ಆಚೆಯ ಕೋರೆಯ ಗುಡ್ಡೆಯಡಿ ಇದ್ದ ಸುರಂಗ ಜನವರಿಗೇ ಒಣಗುತ್ತದೆಂದು ಅವನೇ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಇದರ ಮೇಗೆ ಮುಟ್ಟುತ್ತಿಲ್ಲೆ. ಆದರೆ ಕೆಳಾಣ ತುಂಡು ಎನಗೆ ಬೇಕೇ ಬೇಕು. ಮಕ್ಕಳ ಫೀಸು ಗುಡ್ಡೆಲಿ ಚಿಗುರುತ್ತಿಲ್ಲೆ" ಎಂದ.

ಸೋಮವಾರ ಜೇಸಿಬಿ ಬಂತು. ಕೆಳಗಿನ ತುಂಡು, ಮುಕ್ಕಾಲು ಎಕರೆ, ಎರಡು ದಿನದಲ್ಲಿ ಕೆಂಪು ಮೆಟ್ಟಿಲುಗಳಾಯಿತು. ಆ ತುಂಡಿನ ತಾರೆಮರವನ್ನು ಅಣ್ಣ ಹೇಳದೆಯೇ ಉಳಿಸಿದ್ದ. ಬುಡದ ಸುತ್ತ ಒಂದು ಮಾರು ಮಣ್ಣು ಬಿಟ್ಟು ಸುತ್ತ ಅಗೆಸಿದ್ದ. ಮರಗಳ ಲೆಕ್ಕ ಬರೆಯಲು ಬಂದವರು ಕಾಗದದಲ್ಲಿ ಮಲಯಾಳದ ಹೆಸರುಗಳನ್ನೇ ಹಾಕಿ, ಜಂಬೆಗೆ ಇರುಳ್, ಹೆಬ್ಬಲಸಿಗೆ ಆಂಜಿಲಿ, ಮರ್ವಕ್ಕೆ ಮರುತ್ ಎಂದು ಬರೆದುಕೊಂಡರು. ನಾನು ಪಕ್ಕದಲ್ಲಿ ನಿಂತು ಒಂದೊಂದರ ಹೆಸರನ್ನೂ ನಮ್ಮ ಮಾತಿನಲ್ಲಿ ಜೋರಾಗಿ ಹೇಳಿದೆ. ಯಾಕೆ ಹೇಳಿದೆನೋ, ಸುಮ್ಮನಿರಲು ಆಗಲಿಲ್ಲ.

ಜನವರಿಯಿಂದ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೇನೆ. ನಡುತುಂಡನ್ನು ಮತ್ತೆ ಹಳೆಯ ಲೆಕ್ಕಕ್ಕೆ ತರುವುದು, ಮೇಲಿನದನ್ನು ಪೂರ್ತಿ ಅದರ ಪಾಡಿಗೆ ಬಿಡುವುದು ಎಂದು ನಾವು ಮೂವರೂ ಕೂತು ಮಾತಾಡಿಕೊಂಡೆವು. ಸೊಪ್ಪು ಅಣ್ಣನ ಹೊಸ ಅಡಿಕೆಸಸಿಗಳ ಬುಡಕ್ಕೆ. ಅಕ್ಕನಿಗೆ ಕೆಲಸ ಮಾಡುವ ಪ್ರಾಯವಲ್ಲ, ಅವರು ಕಲಿಸುವವರು. ಕೊಡುವ ಹಣ ಕಲಿಸಿದ್ದಕ್ಕೆ. ಮೊದಲ ದಿನ ಹಣ ಕೊಟ್ಟಾಗ ಅವರು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತರು. ಕಡಿಯುವುದು ನಾನು ಮತ್ತು ಅಣ್ಣನ ದೊಡ್ಡ ಮಗ. ಬಲಿತ ಕೊಂಬೆಗಳನ್ನು ಒಂದೇ ಸಲ ತೆಗೆಯಬೇಡಿ, ಹದಿನಾಲ್ಕು ವರ್ಷದ ಹೊರೆಯನ್ನು ಮೂರು ವರ್ಷದಲ್ಲಿ ಇಳಿಸಿ ಎಂದಿದ್ದಾರೆ ಅವರು. ನನ್ನ ಮೊದಲ ಪೆಟ್ಟುಗಳು ಗಾಯ ಮಾಡಿದವು. ಅಡಿಯಿಂದ ಹೊಡೆಯುವ ಪೆಟ್ಟಿಗೆ ಬೇಕಾದ ಮಣಿಗಂಟಿನ ತಿರುವು ಇನ್ನೂ ಪೂರ್ತಿ ಬಂದಿಲ್ಲ.

ಆ ಅಗಲದ ಹಳೆಯ ಕುತ್ತಿಯ ಮೇಲಿದ್ದ ಕಾಂಡಗಳಲ್ಲಿ ಒಂದನ್ನು, ಗಾಳಿಗೆ ವಾಲಿದ್ದನ್ನು, ಜನವರಿಯಲ್ಲೇ ಬುಡದಿಂದ ತೆಗೆದಿದ್ದೆವು. ಏಪ್ರಿಲಿನಲ್ಲಿ ಹೋದಾಗ ಅಲ್ಲಿ ಹನ್ನೊಂದು ಚಿಗುರು ಎದ್ದಿದ್ದವು, ತಾಮ್ರದ ಬಣ್ಣದವು, ಬೆರಳುದ್ದ. ಅಕ್ಕ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತರು. ಮೇಲೆ ಕಡಿದ ಅಂಚಿಗೆ ಹತ್ತಿರ ಹುಟ್ಟಿದ್ದು ಗಾಳಿಗೆ ಕಿತ್ತುಬರುತ್ತದೆ, ನೆಲಕ್ಕೆ ತಾಗಿ ಹುಟ್ಟಿದ್ದು ತನ್ನದೇ ಬೇರು ಬಿಡುತ್ತದೆ ಎಂದರು. ನೆಲದ ಹತ್ತಿರದ ಮೂರನ್ನು ಬೆರಳಿಟ್ಟು ತೋರಿಸಿ, ಉಳಿದವುಗಳಲ್ಲಿ ಆರನ್ನು ಚಿವುಟಿದರು. ಕೊನೆಯ ಎರಡನ್ನು ನನಗೆ ಬಿಟ್ಟರು.